ಚಾವಡಿಯ ಮಂಚ

ಜಲಜ ಸಿಸ್ಟರಿಗೆ ಈಗ ಐವತ್ತಮೂರು. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಕಂಡವರ ಮೈ ಎತ್ತಿ, ಹೊರಳಿಸಿ, ಒರೆಸಿ ಮಲಗಿಸುವುದರಲ್ಲೇ ಹೋಯಿತು. ಮೊದಲು ಕುಂದಾಪುರದ ಒಂದು ಆಸ್ಪತ್ರೆಯ ವಾರ್ಡು. ಸೊಂಟ ಹಿಡಿದುಕೊಂಡಿತೆಂದು ವಾರ್ಡು ಬಿಟ್ಟ ಮೇಲೆ, ಆರು ವರ್ಷದಿಂದ ಒಂದು ಟ್ರಸ್ಟಿನ ಮನೆಭೇಟಿ ಕೆಲಸ. ಸೊಂಟ ನೋವಿನವಳಿಗೆ ಸ್ಕೂಟರು ಕೊಟ್ಟು ಒಳರಸ್ತೆಯ ಹೊಂಡಗಳ ಮೇಲೆ ಬಿಟ್ಟ ಪುಣ್ಯಾತ್ಮರು ಯಾರೋ, ಅವರನ್ನು ಒಂದು ದಿನ ಅದೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಬೇಕೆಂದು ಅವಳಿಗೆ ಆಸೆ.

ಮಂಗಳವಾರ ಹಾಲಾಡಿ, ಶಂಕರನಾರಾಯಣ. ಗುರುವಾರ ಬೈಂದೂರು, ಬಿಜೂರು. ಶನಿವಾರ ಬ್ರಹ್ಮಾವರದ ಆಚೀಚೆ. ಹೋದ ಮನೆಯಲ್ಲೆಲ್ಲ ಸ್ಟ್ರೋಕ್ ಆಗಿ ಒಂದು ಬದಿ ಬಿದ್ದವರು. ಬಿ.ಪಿ. ನೋಡುವುದು, ಬೆನ್ನಿನಲ್ಲಿ ಹುಣ್ಣಾಗಿದೆಯೇ ನೋಡುವುದು, ಕೈಕಾಲು ಮಡಚಿಸಿ ಬಿಡಿಸುವುದು, ಹೆಂಡತಿಗೆ ಧೈರ್ಯ ಹೇಳುವುದು. ಆಮೇಲೆ ಫಾರಂ ತುಂಬುವುದು. ಅದರಲ್ಲಿ ಇಪ್ಪತ್ತೆರಡು ಪ್ರಶ್ನೆ. ಮಲ ಸರಿಯಾಗಿ ಹೋಗುತ್ತದೆಯೇ, ನುಂಗಲು ಕಷ್ಟವೇ ಎಂದೆಲ್ಲ ಸಲೀಸಾಗಿ ಕೇಳುವವಳು ಹತ್ತೊಂಬತ್ತನೆಯದನ್ನು ಮಾತ್ರ ಕೇಳುತ್ತಿರಲಿಲ್ಲ. ಪತಿ ಪತ್ನಿಯ ಸಂಬಂಧದಲ್ಲಿ ತೊಂದರೆ ಇದೆಯೇ ಎಂಬ ಪ್ರಶ್ನೆ ಅದು. ಯಾರ ಮುಖವನ್ನೂ ನೋಡದೆ 'ಇಲ್ಲ' ಎಂದು ಬರೆದು ಇಪ್ಪತ್ತನೆಯದಕ್ಕೆ ಹೋಗಿಬಿಡುತ್ತಿದ್ದಳು. ಆರು ವರ್ಷ, ನೂರಾರು ಫಾರಂ, ಎಲ್ಲದರಲ್ಲೂ ಇಲ್ಲ, ಇಲ್ಲ. ಆ ಫಾರಮುಗಳನ್ನು ನಂಬುವುದಾದರೆ ಮೂರು ತಾಲೂಕಿನ ಕೈಕಾಲು ಬಿದ್ದ ಗಂಡಂದಿರೆಲ್ಲ ಹೊಸ ಮದುಮಕ್ಕಳಂತೆ ಸುಖವಾಗಿದ್ದರು.

ಗೊತ್ತಿಲ್ಲದೆ ಬಿಟ್ಟದ್ದಲ್ಲ. ಟ್ರಸ್ಟಿನವರು ತರಬೇತಿ ಕೊಟ್ಟಿದ್ದರು. ಸ್ಟ್ರೋಕ್ ಆದವರಿಗೂ ಆ ಆಸೆ ಇರುತ್ತದೆ, ಹೆದರಿಕೆಯೂ ಇರುತ್ತದೆ, ಕೆಲವು ಬಿ.ಪಿ. ಮಾತ್ರೆಯಿಂದ ಗಂಡಸರಿಗೆ ತೊಂದರೆಯಾಗಬಹುದು, ಆಗ ಡಾಕ್ಟರಿಗೆ ಹೇಳಿ ಮಾತ್ರೆ ಬದಲಿಸಬಹುದು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಉತ್ತರ ಎಲ್ಲ ಗೊತ್ತಿತ್ತು, ಪ್ರಶ್ನೆ ಬಾಯಿಗೆ ಬರುತ್ತಿರಲಿಲ್ಲ.

ಬಿಜೂರಿನ ತಿಮ್ಮ ಸತ್ತದ್ದು ಹೋದ ಮಳೆಗಾಲದಲ್ಲಿ. ನಲವತ್ತೇಳು ವರ್ಷದ ಗಟ್ಟಿ ಆಳು. ಸ್ಟ್ರೋಕ್ ಆಗಿ ಆರು ತಿಂಗಳಿಗೆ ಕೋಲು ಹಿಡಿದು ಗದ್ದೆಯ ಅಂಚಿನ ತನಕ ನಡೆದು ಹೋಗುತ್ತಿದ್ದ. ಜಲಜಳಿಗೆ ಅವನೆಂದರೆ ಹೆಮ್ಮೆ. ಇದ್ದಕ್ಕಿದ್ದಂತೆ ಎರಡನೆಯ ಸಲ ಬಡಿಯಿತು, ಮೂರೇ ದಿನಕ್ಕೆ ಹೋದ. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಹೋದಾಗ ಅವನ ಹೆಂಡತಿ ಕೈ ಹಿಡಿದು ಬಾಳೆಗಿಡಗಳ ಹಿಂದೆ ಕರೆದುಕೊಂಡು ಹೋದಳು.

"ನಾಲ್ಕ್ ತಿಂಗ್ಳಿಂದ ಬಿ.ಪಿ. ಮಾತ್ರೆ ಬಿಟ್ಟಿದ್ರ್, ಸಿಸ್ಟ್ರೆ. ಅದನ್ನ ನುಂಗಿರೆ ಗಂಡ್ಸಾಯಿ ಇಪ್ಪುಕೆ ಆತಿಲ್ಲೆ ಅಂದಿರ್. ನಿಮ್ಮತ್ರ ಹೇಳುಕೆ ನಾಚ್ಕೆ ಆಯ್ತ್. ನೀವಾರೂ ಕೇಂಡಿರೆ ಹೇಳ್ತಿದ್ದೆ."

ಜಲಜ ಆ ದಿನ ಎಲೆಯ ಮುಂದೆ ಕೂತು ಉಣ್ಣಲಿಲ್ಲ. ಎರಡು ನಿಮಿಷದ ಮಾತು, ಒಂದು ಚೀಟಿ, ಇನ್ನೊಂದು ಮಾತ್ರೆ. ಅಷ್ಟರಲ್ಲಿ ಉಳಿಯಬಹುದಾಗಿದ್ದ ಜೀವ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ ಎಂಬ ಗಾದೆ ತಿಮ್ಮನದ್ದಾಯಿತು. ಆದರೆ ಕೇಳಬೇಕಾದವಳು ತಾನು, ತನ್ನ ಮಾನ ಏನು ಹೋಗುತ್ತಿತ್ತು ಎಂದು ಅವಳು ತನ್ನನ್ನೇ ಬೈದುಕೊಂಡಳು. ಇನ್ನು ಮೇಲೆ ಕೇಳಿಯೇ ಕೇಳುತ್ತೇನೆ ಎಂದುಕೊಂಡಳು. ಮುಂದಿನ ವಾರ ಫಾರಂ ತೆಗೆದು ಹತ್ತೊಂಬತ್ತಕ್ಕೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು, ಆಮೇಲೆ 'ಇಲ್ಲ' ಎಂದೇ ಬರೆಯಿತು. ಮನುಷ್ಯರು ಒಂದು ಸಾವಿಗೆಲ್ಲ ಬದಲಾಗುವುದಿಲ್ಲ.

ಹಾಲಾಡಿಯಿಂದ ಒಳಗೆ ಗುಣಪಾಲ ಶೆಟ್ಟರ ಮನೆ. ಮುಂಬೈಯಲ್ಲಿ ಇಪ್ಪತ್ತೈದು ವರ್ಷ ಕ್ಯಾಂಟೀನು ನಡೆಸಿ, ಅದನ್ನು ಮಗ ಅಜಿತನಿಗೆ ಬಿಟ್ಟು ಊರಿಗೆ ಬಂದವರು. ತೋಟ, ಗದ್ದೆ, ಎಂಬತ್ತು ದಾಟಿದ ತಾಯಿ, ಹೆಂಡತಿ ಗುಲಾಬಿ. ಐವತ್ತಾರನೆಯ ವಯಸ್ಸಿಗೆ ಒಂದು ಮಧ್ಯಾಹ್ನ ಬಚ್ಚಲಲ್ಲಿ ಬಿದ್ದರಂತೆ. ಸ್ಟ್ರೋಕ್ ಆಗಿ ಎಡಗೈ ಎಡಗಾಲು ಬಿದ್ದವು, ಮಾತು ತೊದಲಿತು, ಬಾಯಿಯ ಒಂದು ಬದಿ ಜೋತಿತು. ಆಸ್ಪತ್ರೆಯಿಂದ ಬಂದ ದಿನ ಜಲಜಳೇ ನಿಂತು ಎಲ್ಲ ಏರ್ಪಾಡು ಮಾಡಿಸಿದ್ದಳು. ಊರಿನ ಯುವಕ ಮಂಡಲದಿಂದ ಬದಿಗೆ ಕಂಬಿ ಇರುವ ಕಬ್ಬಿಣದ ಮಂಚ ತರಿಸಿದಳು. ಅದರ ತಲೆಯ ಕಡೆ 'ದಿ. ರಾಜೀವ ಮಾಸ್ಟರ ಸ್ಮರಣಾರ್ಥ' ಎಂದು ಕೆಂಪು ಪೇಂಟಿನಲ್ಲಿ ಬರೆದಿತ್ತು. ಗಾಳಿ ಬೆಳಕು ಚೆನ್ನಾಗಿದೆ, ನೋಡಿಕೊಳ್ಳುವುದಕ್ಕೂ ಸುಲಭ ಎಂದು ಚಾವಡಿಯಲ್ಲೇ ಮಂಚ ಹಾಕಿಸಿದಳು. ಮನೆಯವರು ಅವಳ ಮಾತನ್ನು ದೇವರ ಮಾತಿನಂತೆ ಪಾಲಿಸಿದರು.

ಚಾವಡಿ ಎಂದರೆ ಮನೆಯ ಮುಖ. ಬಂದವರೆಲ್ಲ ಕೂರುವುದು ಅಲ್ಲಿ, ಟಿ.ವಿ. ಇರುವುದು ಅಲ್ಲಿ. ಕಾಯಿಲೆ ಬಿದ್ದವರನ್ನು ನೋಡಿಕೊಂಡು ಬರದಿದ್ದರೆ ನಮ್ಮ ಕಡೆ ಅದು ದೊಡ್ಡ ತಪ್ಪು. ಹದಿನಾಲ್ಕು ತಿಂಗಳು ಜನ ಬಂದರು. ಬ್ರೆಡ್ಡು, ಹಾರ್ಲಿಕ್ಸು, ಸೇಬು ಹಿಡಿದುಕೊಂಡು ಬಂದರು. ಕಿವಿ ಸರಿಯಾಗಿಯೇ ಇದ್ದ ಶೆಟ್ಟರಿಗೆ ಕಿವುಡನಿಗೆ ಹೇಳುವಂತೆ "ಹ್ಯಾಂಗಿದ್ರಿ?" ಎಂದು ಕೂಗಿದರು. ಬಟ್ಟೆ ಬದಲಿಸುವಾಗ ಮಾತ್ರ ಗುಲಾಬಿ ಒಂದು ಹಳೆ ಸೀರೆಯನ್ನು ಅಡ್ಡ ಕಟ್ಟುತ್ತಿದ್ದಳು. ಕೆಲಸ ಮುಗಿಸಿ ಒಳಕೋಣೆಗೆ ಹೋಗಿ ಅತ್ತೆಯ ಪಕ್ಕ ಚಾಪೆ ಹಾಕಿ ಮಲಗುತ್ತಿದ್ದಳು.

ಮೊದಲ ಹತ್ತು ತಿಂಗಳು ಶೆಟ್ಟರು ಚೇತರಿಸಿಕೊಂಡರು. ಕೋಲು ಹಿಡಿದು ಬಾವಿಕಟ್ಟೆಯ ತನಕ ಹೋಗಿ, ಏಳೆಂಟು ಮೆಟ್ಟಿಲು ಹತ್ತಿ ಇಳಿದರು. ಆಮೇಲೆ ಏನಾಯಿತೋ, ವ್ಯಾಯಾಮ ಬೇಡ ಎಂದರು. ಊಟ ಅರ್ಧಕ್ಕೆ ಬಿಟ್ಟರು. ಮಾತನ್ನೂ ಬಿಟ್ಟರು.

ಆ ಮಂಗಳವಾರ ಬಿ.ಪಿ. ನೋಡಿದರೆ ನೂರ ಎಂಬತ್ತು, ನೂರ ಹತ್ತು. ಜಲಜ ಹಾಸಿಗೆ ಸರಿಮಾಡುವ ನೆಪದಲ್ಲಿ ದಿಂಬು ಎತ್ತಿದಳು. ಕಂಬಿಗೂ ಹಾಸಿಗೆಗೂ ನಡುವೆ ಉಗುಳಿ ಒಣಗಿದ ಮಾತ್ರೆಗಳು ಏಳೆಂಟು ಇದ್ದವು.

"ಶೆಟ್ರೆ, ಇದೆಂತ?" ಎಂದಳು.

ಶೆಟ್ಟರು ಗೋಡೆಯ ಕಡೆ ಮುಖ ತಿರುಗಿಸಿದರು. "ಬೇಡ," ಎಂದರು, ಅಷ್ಟೇ.

ಜಲಜಳಿಗೆ ಬಿಜೂರಿನ ಬಾಳೆಗಿಡಗಳು ಕಣ್ಣ ಮುಂದೆ ಬಂದವು. ಈ ಮನುಷ್ಯನೂ ಹೋಗುತ್ತಾನೆ, ಈಗ ಬಾಯಿ ಬಿಡದಿದ್ದರೆ ಖಂಡಿತ ಹೋಗುತ್ತಾನೆ ಎಂದು ಅವಳಿಗೆ ಅನ್ನಿಸಿತು. ಆದರೆ ಟಿ.ವಿ. ನಡೆಯುತ್ತಿತ್ತು, ಮುದುಕಿ ಎದುರಿನಲ್ಲೇ ಎಲೆ ಅಡಿಕೆ ಕುಟ್ಟುತ್ತಿದ್ದಳು. ಜಲಜ ಎದ್ದು ಹಿತ್ತಿಲಿಗೆ ಹೋದಳು.

ಗುಲಾಬಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಬೈಗೆ ಎಂಬ ಸಣ್ಣ ಮೀನನ್ನು ಹೆಚ್ಚುತ್ತಿದ್ದಳು. ಜಲಜಳ ತಾಯಿ ಸೀತು ಗಂಗೊಳ್ಳಿಯಿಂದ ಮೀನಿನ ಬುಟ್ಟಿ ಹೊತ್ತು ಇಂಥ ಹಿತ್ತಿಲುಗಳಿಗೆಲ್ಲ ಹೋಗುತ್ತಿದ್ದ ಹೆಂಗಸು. ಶಾಲೆಗೆ ರಜೆ ಇದ್ದಾಗ ಜಲಜಳೂ ಹಿಂದೆ ಹೋಗುತ್ತಿದ್ದಳು. ದೊಡ್ಡ ಮನೆಯ ಹೆಂಗಸರು ಮೀನಿನ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸೀತುವಿನ ಹತ್ತಿರ ಹೇಳದೆ ಉಳಿಸಿದ ಮಾತಿಲ್ಲ. ಕೈ ಮೀನಿನಲ್ಲಿ, ಕಣ್ಣು ಕತ್ತಿಯಲ್ಲಿ. ಯಾರ ಮುಖವನ್ನು ಯಾರೂ ನೋಡಬೇಕಾಗಿರಲಿಲ್ಲ. ನರ್ಸಿಂಗ್ ಶಾಲೆಯಲ್ಲಿ ಜಲಜ ಇಂಗ್ಲಿಷ್ ಕಲಿತಳು, ಇಂಜೆಕ್ಷನ್ ಕಲಿತಳು, ಅಮ್ಮನ ಈ ವಿದ್ಯೆಯನ್ನು ಮಾತ್ರ ಮರೆತು ಬಂದಳು.

ಅವಳು ಬ್ಯಾಗು ಕೆಳಗಿಟ್ಟಳು. ಸೊಂಟ ಕಟಕಟ ಎಂದರೂ ಕುಕ್ಕರುಗಾಲಲ್ಲಿ ಕೂತು ಇನ್ನೊಂದು ಕತ್ತಿ ತೆಗೆದುಕೊಂಡಳು. "ಅಯ್ಯೋ ಸಿಸ್ಟ್ರೆ, ನೀವ್ ಎಂತಕೆ!" ಎಂದು ಗುಲಾಬಿ ಹೇಳುವಷ್ಟರಲ್ಲಿ ನಾಲ್ಕು ಬೈಗೆಯ ತಲೆ ಹೋಗಿತ್ತು.

"ಮೂರ್ ಜನ್ರಿಗೆ ಇಷ್ಟೇಯಾ ಮೀನ್?"

"ನಾ ತಿಂತಿಲ್ಲೆ. ಅವ್ರಿಗೆ, ಅತ್ತೆಗೆ ಮಾತ್ರ."

"ಯಾವಾಗಿಂದ?"

"ಅವ್ರಿಗೆ ಹೀಂಗಾದ್ ದಿನದಿಂದ."

ಮೀನು ಬಿಟ್ಟು ಗಂಜಿ ಇಳಿಯದ ಊರಿನಲ್ಲಿ ಹದಿನಾಲ್ಕು ತಿಂಗಳು ಮೀನು ಬಿಡುವುದು ಸಣ್ಣ ಮಾತಲ್ಲ. "ಹರ್ಕೆಯಾ?" ಎಂದು ಜಲಜ ಕೇಳಿದಳು.

"ಹರ್ಕೆ ಅಲ್ಲ." ಗುಲಾಬಿ ಮೀನಿನ ಹೊಟ್ಟೆ ಸೀಳಿ ಬೆರಳು ಹಾಕಿ ಎಳೆದಳು. "ತಪ್ಪಿಗೆ ಬಿಟ್ಟದ್."

ಜಲಜ ಕತ್ತಿಯಿಂದ ಕಣ್ಣು ಎತ್ತಲಿಲ್ಲ. ಎತ್ತಿದ್ದರೆ ಇಬ್ಬರಿಗೂ ಬಾಯಿ ಕಟ್ಟುತ್ತಿತ್ತು. "ಗುಲಾಬಿಯಮ್ಮ, ಒಂದ್ ಮಾತ್ ಕೇಂತೆ. ಶೆಟ್ರಿಗೆ ಹೀಂಗಾದ್ಮೇಲೆ ನೀವ್ ಇಬ್ರೂ ಒಟ್ಟಿಗ್ ಮನಿಕಂಡದ್ ಇತ್ತಾ?"

ಆರು ವರ್ಷ ಗಂಟಲಲ್ಲಿ ಇದ್ದದ್ದು ಅಷ್ಟು ಸಣ್ಣ ಮಾತು. ಗುಲಾಬಿ ಕೈಯಲ್ಲಿದ್ದ ಮೀನು ತೊಳೆದಿಟ್ಟಳು. ಆಮೇಲೆ, ಕಾಯುತ್ತಾ ಇದ್ದವಳಂತೆ ಹೇಳತೊಡಗಿದಳು.

"ಬಚ್ಚಲಲ್ಲ್ ಬಿದ್ರ್ ಅಂದ್ ಹೇಳದ್ ಸುಳ್ಳ್, ಸಿಸ್ಟ್ರೆ. ಅತ್ತೆ ಮದ್ವಿ ಮನಿಗ್ ಹೋಯಿದ್ರ್. ಮಧ್ಯಾನ ಉಂಡ್ ಮನಿಕಂಡದ್. ನನ್ ಒಟ್ಟಿಗ್ ಇಪ್ಪ ಹೊತ್ತಿಗೇ ಆದ್ದ್." ಅವಳ ಸ್ವರ ಇಳಿಯಿತು. "ಬಾಯಿ ಸೊಟ್ಟ ಆಯ್ತ್, ಕೈ ಬಿದ್ಹೋಯ್ತ್. ನಂಗೆ ಮೊದ್ಲ್ ಜೀವ ಹೋಪ ಹೆದ್ರಿಕೆ ಬರ್ಲಿಲ್ಲೆ, ಮಾನ ಹೋಪ ಹೆದ್ರಿಕೆ ಬಂತ್. ಲುಂಗಿ ಉಡ್ಸಿ, ಬಚ್ಚಲ್ ಬಾಗ್ಲ್ ತನಕ ಎಳ್ಕಂಡ್ ಹೋಯಿ, ನೀರ್ ಚೆಲ್ದೆ. ಆಮೇಲ್ ಕೂಗ್ದೆ. ಹತ್ ನಿಮಿಷ ಆಯ್ತ್. ಅವ್ರನ್ನ ಹೀಂಗ್ ಮಾಡದ್ ನಾನೇ."

ಹಿತ್ತಿಲಲ್ಲಿ ಕಾಗೆಗಳು ಮೀನಿನ ತಲೆಗೆ ಕಾದು ಕೂತಿದ್ದವು. ಜಲಜಳಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಕಾಣಿ," ಎಂದಳು. "ಶೆಟ್ರಿಗೆ ಎಂಟ್ ವರ್ಷದಿಂದ ಬಿ.ಪಿ. ಇತ್ತ್. ಮುಂಬೈ ಡಾಕ್ಟ್ರ್ ಹೇಳಿರೂ ಮನಸ್ಸ್ ಬಂದ್ರೆ ಮಾತ್ರೆ, ಇಲ್ದಿದ್ರೆ ಇಲ್ಲೆ. ಕಾಯಿಲೆ ಮಾಡದ್ ಅದ್. ನೀವಲ್ಲ. ತೋಟದಲ್ಲ್ ಒಬ್ರೇ ಇಪ್ಪ ಹೊತ್ತಿಗೆ ಆಯಿದ್ರೆ ಯಾರ್ ಕಾಂತಿದ್ರ್?"

"ಹತ್ ನಿಮಿಷ..."

"ತಡ ಮಾಡ್ಬಾರ್ದಿತ್ತ್. ನಾ ಸುಳ್ಳ್ ಹೇಳ್ತಿಲ್ಲೆ. ಆದ್ರೆ ಆಮೇಲೆ ಆಸ್ಪತ್ರೆಗ್ ಹೋಪುದ್ ಬಿಟ್ಟ್ ಎಣ್ಣೆ ಉಜ್ಜುವವ್ರನ್ನ ಕಾದ್ಕಂಡ್ ಊರವ್ರೆಲ್ಲ ಸೇರಿ ನಾಲ್ಕ್ ಗಂಟೆ ಕಳ್ದ್ರಲ್ದಾ? ಆ ನಾಲ್ಕ್ ಗಂಟೆಗೆ ಯಾರ್ ಮೀನ್ ಬಿಟ್ಟಿದ್ರ್?"

ಗುಲಾಬಿ ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಮೀನಿನ ಕೈಯಾದ್ದರಿಂದ ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ. ಜಲಜ ತನ್ನ ಸೆರಗಿನಿಂದ ಒರೆಸಿದಳು. ಅಳು ನಿಂತ ಮೇಲೆ ಗುಲಾಬಿ ಕೇಳಿದ್ದು ಒಂದೇ. "ಹತ್ರ ಹೋದ್ರೆ ಇನ್ನೊಂದ್ ಸಲ ಆತಿಲ್ಯಾ?"

ಎಂಟು ಮೆಟ್ಟಿಲು ಉಬ್ಬಸ ಇಲ್ಲದೆ ಹತ್ತಿದವರಿಗೆ ಆ ಹೆದರಿಕೆ ಕಡಿಮೆ ಎಂದು ಜಲಜ ಹೇಳಿದಳು. ಮೊದಲು ಬಿ.ಪಿ. ಇಳಿಯಬೇಕು, ಅದಕ್ಕೆ ಮಾತ್ರೆ ನುಂಗಲೇಬೇಕು, ಡಾಕ್ಟರು ಸರಿ ಎನ್ನಬೇಕು. ಅವರ ಹತ್ತಿರ ತಾನೇ ಮಾತಾಡುತ್ತೇನೆ ಎಂದಳು. ಸಂಜೆಯ ಮೇಲೆ ಇಂಥವರಿಗೆ ಮೈ ಸೋಲುತ್ತದೆ, ಬೆಳಿಗ್ಗೆ ತಿಂಡಿ ತಿಂದು ಒಂದು ನಿದ್ದೆ ಆದ ಮೇಲಿನ ಹೊತ್ತು ಒಳ್ಳೆಯದು, ಬಿದ್ದ ಕೈಯ ಕೆಳಗೆ ದಿಂಬು ಇಡಬೇಕು, ಒಳ್ಳೆಯ ಕೈ ಅವರಿಗೆ ಬಿಡುವಾಗಿರಬೇಕು ಎಂದು ಮೀನು ತೊಳೆಯುತ್ತಲೇ ಹೇಳಿಕೊಟ್ಟಳು. "ಎಂತದೂ ಆಗ್ದಿದ್ರೂ ಅಡ್ಡಿಲ್ಲೆ. ಸುಮ್ನೆ ಒಟ್ಟಿಗ್ ಮನಿಕಣಿ." ತನ್ನ ಬಾಯಿಂದ ಬರುತ್ತಿರುವುದು ಅಮ್ಮನ ಸ್ವರ ಎಂದು ಅವಳಿಗೇ ಆಶ್ಚರ್ಯವಾಯಿತು.

ಇಬ್ಬರೂ ಕೈ ತೊಳೆದು ಚಾವಡಿಗೆ ಬಂದರು. ಜಲಜ ಟಿ.ವಿ. ಆರಿಸಿದಳು. ಮುದುಕಿ ಅಲ್ಲೇ ಇದ್ದಳು, ಇರಲಿ ಎಂದುಕೊಂಡಳು. ಈಗ ನಿಲ್ಲಿಸಿದರೆ ಇನ್ನು ಆರು ವರ್ಷ ಬಾಯಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಶೆಟ್ರೆ, ಈ ಮಂಚ ಇಲ್ಲ್ ಹಾಕ್ಸದ್ ನಾನ್. ತಪ್ಪ್ ನಂದ್. ನಿಮ್ಗ್ ನಿಮ್ಮ್ ಹೆಂಡ್ತಿ ಹತ್ರ ಇಲ್ದಿಪ್ಪುದೇ ಬೇಜಾರಾ?"

ಶೆಟ್ಟರು ಒಳ್ಳೆಯ ಕೈಯನ್ನು ನಿಧಾನಕ್ಕೆ ಎತ್ತಿ, ಜೊಲ್ಲು ಇಳಿಯುವ ಬಾಯಿಯ ಬದಿಯನ್ನು ಮುಟ್ಟಿ ತೋರಿಸಿದರು. "ಅವ್ಳಿಗ್... ಹೇಸ್ಗೆ," ಎಂದರು.

"ಯಾರಿಗ್ ಹೇಸ್ಗೆ!" ಗುಲಾಬಿ ಕಂಬಿ ಹಿಡಿದುಕೊಂಡು ಕೂಗಿಬಿಟ್ಟಳು. "ನಂಗೆ ಹೆದ್ರಿಕೆ. ಹೆದ್ರಿಕೆ ಮಾರಾಯ್ರೆ. ಹೇಸ್ಗೆ ಅಲ್ಲ!"

ಮುದುಕಿ ಎಲೆ ಅಡಿಕೆಯ ಕುಟ್ಟಣಿ ಕೆಳಗಿಟ್ಟು ಎದ್ದಳು. ಯಾರ ಮುಖವನ್ನೂ ನೋಡದೆ, ಕೋಲೂರಿಕೊಂಡು ಅಂಗಳಕ್ಕೆ ಇಳಿದು ಹೋದಳು. ಮುಗಿಯಿತು, ಇನ್ನು ಈ ಮನೆಗೆ ತಾನು ಕಾಲಿಡುವಂತಿಲ್ಲ ಎಂದು ಜಲಜಳಿಗೆ ಅನ್ನಿಸಿತು.

ಆ ದಿನ ಶಂಕರನಾರಾಯಣದಲ್ಲಿ ಇನ್ನೆರಡು ಮನೆ ಮುಗಿಸಿ ಕುಂದಾಪುರ ಮುಟ್ಟುವಾಗ ಸೊಂಟ ಅವಳದ್ದಾಗಿ ಉಳಿದಿರಲಿಲ್ಲ. ಗಂಡ ಸುಧಾಕರ ಜಗಲಿಯಲ್ಲಿ ಮೊಬೈಲು ನೋಡುತ್ತಿದ್ದ. "ಸುಸ್ತಾಯ್ತಾ?" ಎಂದ. "ಹ್ಞೂಂ," ಎಂದಳು. ಗಂಜಿ ಬಡಿಸಿದಳು, ಅವನು ಉಂಡ, ತಾನೂ ಉಂಡಳು. ಇದೇ ಮನೆಗೆ ಯಾರಾದರೂ ನರ್ಸು ಫಾರಂ ಹಿಡಿದು ಬಂದು ಹತ್ತೊಂಬತ್ತನೆಯ ಪ್ರಶ್ನೆ ಕೇಳಿದರೆ ಏನು ಹೇಳಬೇಕೆಂದು ಯೋಚಿಸುತ್ತಾ ಪಾತ್ರೆ ತೊಳೆದಳು. ಯೋಚಿಸುವುದಕ್ಕೂ ಬಲ ಇರಲಿಲ್ಲ.

ಡಾಕ್ಟರು ಶೆಟ್ಟರನ್ನು ಕರೆಸಿ ನೋಡಿ ಮಾತ್ರೆ ಬದಲಿಸಿದರು, ಅವಸರ ಮಾಡದಿದ್ದರೆ ತೊಂದರೆ ಇಲ್ಲ ಎಂದರು. ಮುಂದಿನ ಮಂಗಳವಾರ ಬಿ.ಪಿ. ನೂರ ಐವತ್ತೆರಡು. ಅದರ ಮುಂದಿನ ಮಂಗಳವಾರ ನೂರ ಮೂವತ್ತೆಂಟು. ಆ ದಿನ ಚಾವಡಿಯಲ್ಲಿ ಕಬ್ಬಿಣದ ಮಂಚ ಇರಲಿಲ್ಲ. ತೆಂಗಿನಕಾಯಿ ಕೊಯ್ಯುವ ಐತನನ್ನು ಕರೆಸಿ ಅದನ್ನು ಯುವಕ ಮಂಡಲಕ್ಕೆ ಹೊರಿಸಿ ಕಳಿಸಿದ್ದು ಮುದುಕಿಯೇ ಅಂತೆ. ಶೆಟ್ಟರು ಒಳಕೋಣೆಯಲ್ಲಿ, ಮದುವೆಯ ಕಾಲದ ಹಲಸಿನ ಮಂಚದ ಮೇಲಿದ್ದರು. ಮುದುಕಿಯ ಚಾಪೆ ಚಾವಡಿಗೆ ಬಂದಿತ್ತು.

ಇನ್ನೊಂದು ವಾರ ಕಳೆದು ಹೋದಾಗ ಬೆಳಿಗ್ಗೆ ಹನ್ನೊಂದು ಗಂಟೆ, ಬಿಸಿಲು ಸುಡುತ್ತಿತ್ತು. ಮನೆಯ ಮುಂಬಾಗಿಲು ಹಾಕಿತ್ತು. ಹಗಲಲ್ಲಿ ಮುಂಬಾಗಿಲು ಹಾಕುವ ರೂಢಿ ಆ ಕಡೆ ಇಲ್ಲ. ಹಾಕಿದೆಯೆಂದರೆ ಮನೆಯವರು ಊರಲ್ಲಿಲ್ಲ, ಅಥವಾ ಏನೋ ಆಗಬಾರದ್ದು ಆಗಿದೆ. ಜಲಜ ಸ್ಕೂಟರು ಸರಿಯಾಗಿ ನಿಲ್ಲಿಸುವುದನ್ನೂ ಮರೆತು ಮೆಟ್ಟಿಲು ಹತ್ತಿದಳು.

"ಹ್ವಾಯ್, ಬಾಗ್ಲ್ ಬಡೀಬೇಡಿ. ಇಲ್ಲ್ ಕೂಕಣಿ," ಎಂದಳು ಮುದುಕಿ. ಜಗಲಿಯ ಕಂಬಕ್ಕೆ ಒರಗಿ, ಕೋಲನ್ನು ಬಾಗಿಲಿಗೆ ಅಡ್ಡ ಚಾಚಿ ಕೂತಿದ್ದಳು.

"ಎಂತ ಆಯ್ತ್ ಅಮ್ಮ?"

"ಎಂತ ಆಪುದ್? ಮಗ ಸೊಸೆ ಮನಿಕಂಡಿದ್ದೊ. ಅವ್ನಿಗೆ ಸಂಜಿಗೆ ಸುಸ್ತ್ ಆತ್ತ್ ಅಂದ್ ನೀವೇ ಹೇಳಿದ್ರಂಬ್ರಲೆ." ಅಕ್ಕಿಯ ರೇಟು ಹೇಳುವಷ್ಟೇ ಸಲೀಸಾಗಿ ಹೇಳಿ ಎಲೆಗೆ ಸುಣ್ಣ ಹಚ್ಚಿದಳು. "ನಮ್ಮ್ ಕಾಲ್ದಲ್ಲ್ ಮನಿ ತುಂಬ ಜನ. ಬಾಗ್ಲ್ ಕಾಯುಕೆ ಯಾರೂ ಇರ್ಲಿಲ್ಲೆ."

ಅಷ್ಟರಲ್ಲಿ ದೂರದ ನೆಂಟರೊಬ್ಬರು ಬ್ರೆಡ್ಡಿನ ಪ್ಯಾಕೇಟು ಹಿಡಿದು ಅಂಗಳಕ್ಕೆ ಬಂದರು. ಗುಣಪಾಲಣ್ಣನನ್ನು ನೋಡಿ ಹೋಗುತ್ತೇನೆ ಎಂದರು.

"ಇವತ್ ಕಾಂಬುಕೆ ಆತಿಲ್ಲೆ," ಎಂದಳು ಮುದುಕಿ. "ಬ್ರೆಡ್ ಅಲ್ಲಿಟ್ ಹೋಯ್ನಿ."

ನೆಂಟರು ಜಲಜಳ ಮುಖ ನೋಡಿದರು. "ಹೌದ್, ಇವತ್ ಆತಿಲ್ಲೆ," ಎಂದು ಅವಳೂ ಹೇಳಿದಳು. ಅವರು ಬ್ರೆಡ್ಡು ಇಟ್ಟು ಹೋದರು. ಇನ್ನೂ ಎರಡು ಮನೆಯ ಕೆಲಸ ಬಾಕಿ ಇತ್ತು, ಆದರೂ ಜಲಜ ಎದ್ದೇಳಲಿಲ್ಲ. ಚಪ್ಪಲಿ ಕಳಚಿ, ಇನ್ನೊಂದು ಕಂಬಕ್ಕೆ ಒರಗಿ ಕಾಲು ನೀಡಿದಳು. ಎಷ್ಟು ವರ್ಷದ ದಣಿವೋ, ಕೂತಲ್ಲೇ ತೂಕಡಿಕೆ ಬಂತು.

ಚಿಲಕ ತೆಗೆದ ಶಬ್ದಕ್ಕೆ ಎಚ್ಚರವಾಯಿತು. ಗುಲಾಬಿ ಬಾಗಿಲಲ್ಲಿ ನಿಂತಿದ್ದಳು. ತಲೆಗೂದಲು ಬಿಚ್ಚಿತ್ತು, ಕಣ್ಣು ಅತ್ತು ಕೆಂಪಾಗಿತ್ತು. ಜಲಜ ಗಾಬರಿಯಿಂದ ಎದ್ದಳು. "ಶೆಟ್ರ್ ಹ್ಯಾಂಗಿದ್ರ್? ಎಂತ ಆಯ್ತ್?"

"ಎಂತದೂ ಆಯ್ಲಿಲ್ಲೆ, ಸಿಸ್ಟ್ರೆ. ನಿದ್ದಿ ಮಾಡ್ತಾ ಇದ್ರ್." ಗುಲಾಬಿ ಹೊಸ್ತಿಲ ಪಕ್ಕ ನೆಲಕ್ಕೆ ಕೂತಳು. "ಅವ್ರ ಬಿದ್ದ ಕೈ ಇತ್ತಲ್ದಾ, ಅದನ್ನ ಎತ್ತಿ ನನ್ ಮೇಲ್ ಹಾಯ್ಕಂಡೆ. ಅವ್ರಿಗೆ ಗೊತ್ತಾಯ್ಲಿಲ್ಲೆ. ಆ ಕೈಯಲ್ಲ್ ಜೀವ ಇಲ್ಲೆ."

ಬಿಚ್ಚಿದ ಕೂದಲನ್ನು ತುರುಬು ಕಟ್ಟುತ್ತಾ ಹೇಳಿದಳು.

"ನಂಗೆ ಗೊತ್ತಾಯ್ತ್."